ಮೇ ತಿಂಗಳ ಹಿನ್ನೀರು, ಗಾಳಿ ತುಂಬಿದ ದೋಣಿ, ನಡುಗಡ್ಡೆಯಲ್ಲಿ ಎರಡು ರಾತ್ರಿ: ಚಿಂಚವಾಡದ ಓದುಗರಿಗೆ ಉತ್ತರ

ಓದುಗರ ಪ್ರಶ್ನೆ:

“ನಾನು ಹುಕ್ಕೇರಿ ತಾಲ್ಲೂಕಿನವನು. ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಈಜು ಕಲಿತು, ಗಾಳ ಹಾಕಿ ಬೆಳೆದವನು. ಹದಿನಾಲ್ಕು ವರ್ಷಗಳಿಂದ ಪುಣೆಯ ಪಕ್ಕದ ಚಿಂಚವಾಡದಲ್ಲಿ ನೌಕರಿಯಲ್ಲಿದ್ದೇನೆ. ಈ ಬೇಸಿಗೆ ರಜೆಯಲ್ಲಿ, ಮೇ ಮೊದಲ ವಾರ, ಪಾನಶೇತ್ ಹಿನ್ನೀರಿನ ಒಂದು ನಡುಗಡ್ಡೆಗೆ ದೋಣಿಯಲ್ಲಿ ಹೋಗಿ, ಟೆಂಟ್ ಹಾಕಿ ಎರಡು ರಾತ್ರಿ ಉಳಿದು, ಮೀನು ಹಿಡಿದು ಅಲ್ಲಿಯೇ ಬೇಯಿಸಿ ತಿನ್ನುವ ಆಸೆಯಿದೆ. ನಾನು, ನನ್ನ ಭಾವಮೈದುನ, ಹದಿಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ, ಹೀಗೆ ನಾಲ್ವರು. ಆನ್‌ಲೈನ್‌ನಲ್ಲಿ ಗಾಳಿ ತುಂಬುವ ದೋಣಿ ಕೊಂಡಿದ್ದೇವೆ. ಅದರ ಮೇಲೆ ನಾಲ್ಕು ಜನ, 400 ಕಿಲೊ ಎಂದು ಬರೆದಿದೆ. ಬ್ಯಾಟರಿಯ ಸಣ್ಣ ಮೋಟಾರು ಜೋಡಿಸುವ ಯೋಚನೆಯೂ ಇದೆ. ಮನೆಯಾಕೆಗೆ ಮೊಸಳೆ, ಸುಳಿ, ಹಾವುಗಳ ಹೆದರಿಕೆ. ಭಾವಮೈದುನನೋ, ‘ನಿಂತ ನೀರಿಗೆ ಏನು ಹೆದರಿಕೆ, ಡ್ಯಾಮು ಸರಕಾರದ್ದು, ಯಾರೂ ಕೇಳುವುದಿಲ್ಲ, ಇಬ್ಬರಿಗೂ ಈಜು ಬರುತ್ತದೆ’ ಎನ್ನುತ್ತಾನೆ. ಯಾರ ಮಾತು ಸರಿ? ಹೋಗುವುದಾದರೆ ಹೇಗೆ ಹೋಗಬೇಕು? ಅಲ್ಲಿ ಹಿಡಿದ ಮೀನನ್ನು ತಿನ್ನಬಹುದೇ?”

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲುನೋಟಕ್ಕೆ ಅದರಲ್ಲಿ ದೋಣಿ, ಮೋಟಾರು, ಅನುಮತಿ, ಹಾವು, ಮೀನು ಎಂದು ಐದಾರು ಪ್ರಶ್ನೆಗಳಿವೆ. ಆದರೆ ಪುಣೆಯ ಸುತ್ತಲಿನ ಜಲಾಶಯಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ದೋಣಿ ನಡೆಸುವುದನ್ನೂ, ನೀರಿನಲ್ಲಿ ಸಿಕ್ಕಿಕೊಂಡವರನ್ನು ದಡಕ್ಕೆ ತರುವುದನ್ನೂ ಕಲಿಸುತ್ತ ಬಂದಿರುವ ನನಗೆ ಅವೆಲ್ಲದರ ಕೆಳಗೆ ಒಂದೇ ಪ್ರಶ್ನೆ ಕಾಣುತ್ತದೆ. ದೋಣಿಯಲ್ಲಿ ಹೋಗಿ ಇಳಿದ ಜಾಗದಿಂದ, ದೋಣಿ ನಡೆಸಲಾಗದ ಹೊತ್ತಿನಲ್ಲಿ ನೀವು ನಾಲ್ವರೂ ಹೇಗೆ ಮರಳಿ ಬರುತ್ತೀರಿ? ಪತ್ರದಲ್ಲಿ ಹೋಗುವ ವಿವರವೆಲ್ಲ ಇದೆ, ಮರಳುವ ವಿವರ ಒಂದು ಸಾಲೂ ಇಲ್ಲ. ನನ್ನ ಬಳಿ ತರಬೇತಿಗೆ ಬರುವ ಹತ್ತರಲ್ಲಿ ಒಂಬತ್ತು ಜನರ ಯೋಜನೆಯೂ ಹೀಗೆಯೇ ಇರುತ್ತದೆ, ಆದ್ದರಿಂದ ಇದನ್ನು ಆಕ್ಷೇಪವೆಂದು ತಿಳಿಯಬೇಡಿ.

ಮೊದಲು ಮನೆಯವರ ಹೆದರಿಕೆಗಳನ್ನು ಬೇಗ ನೋಡಿಬಿಡೋಣ. ಈ ಎಲ್ಲ ವರ್ಷಗಳಲ್ಲಿ ಪಾನಶೇತ್‌ನಲ್ಲಿ ನಾನು ಮೊಸಳೆಯನ್ನು ಕಂಡಿಲ್ಲ. ಈ ಭಾಗದಲ್ಲಿ ಮೊಸಳೆಗಳಿಗೆ ಹೆಸರಾದದ್ದು ಸಾಂಗ್ಲಿಯ ಕಡೆಯ ಕೃಷ್ಣೆ. ಹಿನ್ನೀರಿನ ನಡುವೆ ಮನುಷ್ಯರನ್ನು ಎಳೆದುಕೊಳ್ಳುವ ಸುಳಿಯೂ ಇರುವುದಿಲ್ಲ. ಸೆಳೆತವಿರುವುದು ಅಣೆಕಟ್ಟಿನ ಗೋಡೆಯ ಬಳಿ, ನೀರು ಹೊರಬಿಡುವ ಗೋಪುರದ ಸುತ್ತ, ಅದೂ ನೀರು ಬಿಟ್ಟಿರುವಾಗ. ಅಲ್ಲಿಗೆ ದೋಣಿ ಒಯ್ಯುವುದಕ್ಕೇ ನಿಷೇಧವಿದೆ, ಆದ್ದರಿಂದ ಆ ಭಯ ನಿಮಗೆ ಅನ್ವಯಿಸುವುದಿಲ್ಲ. ಹಾವಿನ ಮಾತು ಬೇರೆ, ಅದು ನಿಜವಾದ ವಿಷಯ, ಮುಂದೆ ಹೇಳುತ್ತೇನೆ.

ಭಾವಮೈದುನರ “ನಿಂತ ನೀರು” ಎಂಬ ಮಾತೇ ನನಗೆ ಹೆಚ್ಚು ಚಿಂತೆ ತರುವಂಥದ್ದು. ನೀರು ನಿಂತಿರುತ್ತದೆ, ನಿಜ. ಆದರೆ ಅದರ ಮೇಲಿನ ಗಾಳಿ ನಿಂತಿರುವುದಿಲ್ಲ. ಪಾನಶೇತ್ ಇರುವುದು ಅಂಬಿ ನದಿಯ ಕಣಿವೆಯಲ್ಲಿ. ಪಕ್ಕದ ಮೋಸೆ ನದಿಯ ಕಣಿವೆಯಲ್ಲಿ ವರಸಗಾಂವ್ ಇದೆ. ಎರಡೂ ಸಹ್ಯಾದ್ರಿಯ ನೆತ್ತಿಯಿಂದ ಪೂರ್ವಕ್ಕೆ ಇಳಿದು ಬರುವ ಉದ್ದನೆಯ ಓಣಿಗಳು. ಬೇಸಿಗೆಯಲ್ಲಿ ಘಟ್ಟದ ಮೇಲಿನ ಬಯಲು ಕಾದು ಅಲ್ಲಿಯ ಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ಕೊಂಕಣದ ಕಡೆಯಿಂದ ಸಮುದ್ರದ ಗಾಳಿ ಘಟ್ಟ ಹತ್ತಿ ಬರುತ್ತದೆ, ಮತ್ತು ಎರಡೂ ಬದಿಗೆ ಗುಡ್ಡಗಳಿರುವುದರಿಂದ ಅದು ಓಣಿಯೊಳಗೆ ನುಗ್ಗಿದಂತೆ ಜಲಾಶಯದ ಉದ್ದಕ್ಕೂ ಬೀಸುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನ ಎರಡು-ಮೂರರ ಹೊತ್ತಿಗೆ ತೆರೆಯೇಳಲು ಕಾರಣ ಇದೇ. ಅಲ್ಲಿಯ ಮೀನುಗಾರರು ತಲೆಯೆತ್ತಿ ನೋಡಿ “ವಾರಾ ಸುಟ್ಲಾ” ಎಂದರೆ, ಅಂದರೆ ಗಾಳಿ ಬಿಟ್ಟುಕೊಂಡಿತು ಎಂದರೆ, ಅರ್ಧಕ್ಕೆ ಬಲೆ ಬಿಟ್ಟು ದಡ ಸೇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಗಾಳಿ ಎಷ್ಟು ದೂರ ನೀರಿನ ಮೇಲೆ ಅಡೆತಡೆಯಿಲ್ಲದೆ ಓಡುತ್ತದೆಯೋ ಅಷ್ಟು ಅಲೆ ಬೆಳೆಯುತ್ತದೆ. ಗಂಟೆಗೆ 30 ಕಿ.ಮೀ. ವೇಗದ ಗಾಳಿ 5 ಕಿ.ಮೀ. ನೀರಿನ ಮೇಲೆ ಓಡಿದರೆ ಸುಮಾರು ಒಂದು ಅಡಿಯ ಅಲೆ ಏಳುತ್ತದೆ. ಗಾಳಿ 50 ಕಿ.ಮೀ. ಆದರೆ ಅಲೆ ಒಂದೂವರೆ ಅಡಿ ದಾಟುತ್ತದೆ. ಸಮುದ್ರ ಕಂಡವರಿಗೆ ಇದು ಏನೂ ಅಲ್ಲವೆನ್ನಿಸಬಹುದು. ಆದರೆ ಸಮುದ್ರದ ಅಲೆ ಉದ್ದವಾಗಿ ಉರುಳುತ್ತದೆ, ಹಿನ್ನೀರಿನ ಅಲೆ ಒತ್ತೊತ್ತಾಗಿ, ಕಡಿದಾಗಿ ಬಂದು ಬಡಿಯುತ್ತದೆ. ಒಂದು ಅಲೆಯಿಂದ ಸಾವರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ದೋಣಿಯೊಳಗೆ ನೀರು ಸುರಿದಿರುತ್ತದೆ. ಭಾರ ಹೇರಿದ ಗಾಳಿದೋಣಿಯನ್ನು ಹುಟ್ಟು ಹಾಕಿ ನಡೆಸಿದರೆ ಗಂಟೆಗೆ 3 ಕಿ.ಮೀ. ಸಾಗುವುದೇ ಹೆಚ್ಚು, ಎದುರುಗಾಳಿಯಲ್ಲಿ ಅದು ನಿಂತಲ್ಲೇ ನಿಲ್ಲುತ್ತದೆ ಅಥವಾ ಹಿಂದಕ್ಕೆ ಹೋಗುತ್ತದೆ.

ಇದಕ್ಕೆ ಮೇ ತಿಂಗಳು ಇನ್ನೊಂದನ್ನು ಸೇರಿಸುತ್ತದೆ. ನೀವು ಹೇಳಿದ ಮೇ ಮೊದಲ ವಾರ ನಮ್ಮ ಲೆಕ್ಕದಲ್ಲಿ ಭರಣಿ ಮಳೆಯ ಕಾಲ. ಹುಕ್ಕೇರಿಯ ರೈತರ ಮಗನಿಗೆ ಆ ಮಳೆ ಹೇಗೆ ಬರುತ್ತದೆಂದು ನಾನು ಹೇಳಬೇಕಾಗಿಲ್ಲ: ಬಿಸಿಲು ಕಾದು, ಸಂಜೆ ನಾಲ್ಕಕ್ಕೆ ಮೋಡ ಕಪ್ಪಾಗಿ, ಮಳೆಗಿಂತ ಮೊದಲು ಧೂಳೆಬ್ಬಿಸುವ ಬಿರುಗಾಳಿ. ಮರಾಠಿಯವರು ಇದನ್ನು ವಳೀವ್ ಎನ್ನುತ್ತಾರೆ. ಆ ಬಿರುಗಾಳಿ ಏಳುವುದು ಮೋಡದಿಂದ ಕೆಳಗೆ ಬಿದ್ದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುವುದರಿಂದ, ಆದ್ದರಿಂದ ಅದು ಯಾವ ದಿಕ್ಕಿನಿಂದಲಾದರೂ, ಐದು-ಹತ್ತು ನಿಮಿಷಗಳ ಒಳಗೆ ಬರಬಹುದು. 2024ರ ಮೇ 21ರ ಸಂಜೆ ಉಜನಿ ಹಿನ್ನೀರಿನಲ್ಲಿ, ಸೊಲ್ಲಾಪುರ ಜಿಲ್ಲೆಯ ಕುಗಾಂವ್‌ನಿಂದ ಪುಣೆ ಜಿಲ್ಲೆಯ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ತೀರಿಕೊಂಡರು. ಅದು ಜನ ದಿನನಿತ್ಯ ದಾಟುವ ದಾರಿ, ದೋಣಿ ನಡೆಸುವವರು ಅದೇ ನೀರಿನವರು. ಈಜಿ ದಡ ಸೇರಿದವರು ಒಬ್ಬರು. ಈ ಘಟನೆಯನ್ನು ಹೆದರಿಸಲು ಹೇಳುತ್ತಿಲ್ಲ. ಜಾಗ, ತಿಂಗಳು, ಹೊತ್ತು ಈ ಮೂರೂ ಒಟ್ಟಿಗೆ ಕೂಡಿದಾಗ ಅಭ್ಯಾಸವುಳ್ಳವರಿಗೂ ದಾರಿ ಉಳಿಯುವುದಿಲ್ಲ ಎಂಬುದನ್ನು ನೀವಿಬ್ಬರೂ ಗಮನಿಸಬೇಕೆಂದು ಹೇಳುತ್ತಿದ್ದೇನೆ.

“ಈಜು ಬರುತ್ತದೆ” ಎಂಬ ಧೈರ್ಯದ ಬಗ್ಗೆಯೂ ಒಂದು ಮಾತು. ಹಿಡಕಲ್‌ನಲ್ಲಿ ನೀವು ಈಜಿದ್ದು ಪರಿಚಯದ ದಡದಲ್ಲಿ, ಮೈಮೇಲೆ ಚಡ್ಡಿ ಬಿಟ್ಟರೆ ಏನೂ ಇಲ್ಲದೆ, ಕೂಗಿದರೆ ಯಾರಾದರೂ ಬರುವಷ್ಟು ದೂರದಲ್ಲಿ. ಬಟ್ಟೆ ತೊಟ್ಟು, ಮುಖಕ್ಕೆ ಅಲೆ ಬಡಿಯುತ್ತಿರುವಾಗ, ಇಬ್ಬರು ಮಕ್ಕಳನ್ನು ಹಿಡಿದುಕೊಂಡು ಅರ್ಧ ಕಿಲೋಮೀಟರ್ ಈಜುವುದು ಬೇರೆಯೇ ಕೆಲಸ. ಅದಲ್ಲದೆ ಸಂಜೆ ಹಾಕಿದ ಕಟ್ಟುಬಲೆಗಳು ಮೇಲೆ ತೇಲುವ ಥರ್ಮಾಕೋಲ್ ತುಂಡು ಅಥವಾ ಪ್ಲಾಸ್ಟಿಕ್ ಬಾಟಲಿ ಬಿಟ್ಟರೆ ಕಾಣುವುದಿಲ್ಲ, ಅವುಗಳಲ್ಲಿ ಕಾಲು ಸಿಕ್ಕಿದರೆ ಎಂಥ ಈಜುಗಾರನೂ ಬಿಡಿಸಿಕೊಳ್ಳುವುದು ಕಷ್ಟ. ಹಿಡಕಲ್ ಹಿನ್ನೀರಿನಲ್ಲಿ ನೀರಿಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಹೊರಗೆ ಬರುವುದನ್ನು ನೀವು ನೋಡಿರುತ್ತೀರಿ. ಪವನಾ ಜಲಾಶಯದಲ್ಲಿ ವಾಘೇಶ್ವರ, ಉಜನಿಯಲ್ಲಿ ಪಳಸದೇವ ಹಾಗೆಯೇ ಬೇಸಿಗೆಯಲ್ಲಿ ತಲೆಯೆತ್ತುತ್ತವೆ. ದೇವಸ್ಥಾನ ಮುಳುಗಿದಲ್ಲಿ ಊರಿನ ಗೋಡೆ, ಬಾವಿ, ಮರದ ಬೊಡ್ಡೆಗಳೂ ಮುಳುಗಿರುತ್ತವೆ. ಮೇ ತಿಂಗಳಲ್ಲಿ ನೀರು ಕೆಳಗಿಳಿದಾಗ ಅವು ಮೇಲ್ಮೈಯಿಂದ ಅರ್ಧ ಅಡಿ, ಒಂದು ಅಡಿ ಕೆಳಗೆ ಕಾಣದಂತೆ ನಿಂತಿರುತ್ತವೆ, ಮತ್ತು ನಿಮ್ಮ ದೋಣಿ ರಬ್ಬರಿನದು. ಗಾಳಿಯಿಲ್ಲದ ಬೆಳಿಗ್ಗೆಯೂ ಈ ಒಂದು ಅಪಾಯ ಹಾಗೆಯೇ ಉಳಿದಿರುತ್ತದೆ.

ಈಗ ದೋಣಿಯ ಲೆಕ್ಕ. ದೊಡ್ಡವರಿಬ್ಬರು ಸುಮಾರು 150 ಕಿಲೊ, ಮಕ್ಕಳಿಬ್ಬರು 70ರಿಂದ 75 ಕಿಲೊ. ಟೆಂಟ್, ಹಾಸಿಗೆ 15. ಕುಡಿಯುವ ನೀರು 20 ಲೀಟರ್ ಎಂದರೆ 20. ಒಲೆ, ಪಾತ್ರೆ, ದಿನಸಿ 20. ಗಾಳದ ಸಾಮಾನು, ಐಸ್ ಪೆಟ್ಟಿಗೆ 15. ಮೋಟಾರು ಮತ್ತು ಅದರ ಸೀಸದ ಬ್ಯಾಟರಿ 35ರಿಂದ 40. ಒಟ್ಟು ಸುಮಾರು 330 ಕಿಲೊ ಆಯಿತು. 400ಕ್ಕಿಂತ ಕಡಿಮೆಯಿದೆಯಲ್ಲ ಎನ್ನಬಹುದು. ಆದರೆ ಮುದ್ರಿಸಿದ ಅಂಕಿ ಈಜುಕೊಳದಂಥ ನೀರಿನಲ್ಲಿ ದೋಣಿ ತೇಲುವ ಭಾರವೇ ಹೊರತು ಅಲೆಯಲ್ಲಿ ನಡೆಸಬಹುದಾದ ಭಾರವಲ್ಲ. ಅದರ ಮೂರರಲ್ಲಿ ಎರಡು ಪಾಲು ಮೀರಬಾರದೆಂಬುದು ನಾನು ಪಾಲಿಸುವ, ಕಲಿಸುವ ನಿಯಮ. ನಿಮ್ಮ ದೋಣಿಗೆ ಅದು ಸುಮಾರು 265 ಕಿಲೊ. ಎರಡು ಸರದಿಯಲ್ಲಿ ಸಾಗಿಸಬಹುದಲ್ಲ ಎಂಬ ಯೋಚನೆ ನಿಮಗೆ ಬರಬಹುದು. ಹಾಗೆ ಮಾಡಿದರೆ ಒಂದು ದಡದಲ್ಲಿ ಒಬ್ಬ ದೊಡ್ಡವರು, ಇನ್ನೊಂದು ದಡದಲ್ಲಿ ಮಕ್ಕಳು ಎಂಬಂಥ ಹೊತ್ತು ಬಂದೇ ಬರುತ್ತದೆ, ಅದನ್ನು ನಾನು ಒಪ್ಪುವುದಿಲ್ಲ.

ಗಾಳಿದೋಣಿಯ ಇನ್ನೆರಡು ಗುಣಗಳನ್ನು ಕೊಂಡವರಿಗೆ ಯಾರೂ ಹೇಳಿರುವುದಿಲ್ಲ. ಬೆಳಿಗ್ಗೆ ತಂಪಿನಲ್ಲಿ ಬಿಗಿಯಾಗಿ ಗಾಳಿ ತುಂಬಿ, ಮಧ್ಯಾಹ್ನ ಅದನ್ನು ದಡಕ್ಕೆಳೆದು ಬಿಸಿಲಿನಲ್ಲಿ ಬಿಟ್ಟರೆ ಒಳಗಿನ ಗಾಳಿ ಕಾದು ಹಿಗ್ಗಿ ಹೊಲಿಗೆಯ ಅಂಚು ಬಿಡುತ್ತದೆ. ಕೂಡಲೇ ಒಡೆಯದಿದ್ದರೂ ಅಂಟು ಸಡಿಲವಾಗಿ ಮರುದಿನ ನೀರಿನ ನಡುವೆ ಸೋರಲು ಶುರುವಾಗುತ್ತದೆ. ದಡಕ್ಕೆ ತಂದ ಕೂಡಲೇ ಸ್ವಲ್ಪ ಗಾಳಿ ಇಳಿಸಿ, ನೆರಳಿಗೆ ಎಳೆಯಬೇಕು. ಹೊರಡುವ ಮುನ್ನ ಮತ್ತೆ ತುಂಬಬೇಕು. ಎರಡನೆಯದು ನನಗೇ ಆದ ಪಾಠ. ತರಬೇತಿ ಕೆಲಸ ಹಿಡಿದ ಎರಡನೆಯ ವರ್ಷ, ಏಪ್ರಿಲ್‌ನಲ್ಲಿ, ನಾನೂ ಮೂವರು ಗೆಳೆಯರೂ ನಿಮ್ಮಂತೆಯೇ ಒಂದು ನಡುಗಡ್ಡೆಯಲ್ಲಿ ತಂಗಿದ್ದೆವು. ದೋಣಿಯನ್ನು ನೀರಿನಿಂದ ಹತ್ತು ಹೆಜ್ಜೆ ಮೇಲೆ ಎಳೆದು ಬಿಟ್ಟಿದ್ದೆವು, ಕಟ್ಟಿರಲಿಲ್ಲ. ಸಂಜೆ ಬೀಸಿದ ಗಾಳಿಗೆ ಖಾಲಿ ದೋಣಿ ಒಣಗಿದ ಎಲೆಯಂತೆ ಎದ್ದು ನೀರಿಗೆ ಬಿದ್ದು, ನಾವು ಓಡಿ ಹೋಗುವಷ್ಟರಲ್ಲಿ ನೂರು ಮೀಟರ್ ದಾಟಿತ್ತು. ಗೆಳೆಯನೊಬ್ಬ ಈಜಿ ತರುತ್ತೇನೆಂದು ಅಂಗಿ ಬಿಚ್ಚಿದಾಗ ನಾವು ಅವನನ್ನು ಹಿಡಿದು ಕೂರಿಸಿದೆವು. ಆ ಒಂದು ನಿರ್ಧಾರ ಸರಿಯಾಗಿತ್ತು, ಅದಕ್ಕಿಂತ ಮೊದಲು ಮಾಡಿದ್ದೆಲ್ಲ ತಪ್ಪು. ಫೋನಿಗೆ ಸಿಗ್ನಲ್ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಬಲೆ ಎತ್ತಲು ಬಂದ ಹಿರಿಯ ಮೀನುಗಾರರೊಬ್ಬರು ನಮ್ಮನ್ನು ಕಂಡು, ಎರಡು ಸರದಿಯಲ್ಲಿ ದಡಕ್ಕೆ ತಂದುಬಿಟ್ಟರು. ನಡುಗಡ್ಡೆಗೆ ನಮ್ಮದೇ ದೋಣಿಯೊಂದನ್ನೇ ನಂಬಿ ಹೋಗಿದ್ದೆವು. ಆ ದೋಣಿ ಹೋದ ಮೇಲೆ ನಾಲ್ಕು ಗಟ್ಟಿಮುಟ್ಟಾದ ಗಂಡಸರು ಮಾಡಬಹುದಾದದ್ದು ಏನೂ ಉಳಿಯಲಿಲ್ಲ. ಅಲ್ಲಿ ನಿಮ್ಮ ಮಗನಿಗೆ ಜ್ವರ ಬಂದಿದ್ದರೆ, ಒಬ್ಬರಿಗೆ ಹಾವು ಕಚ್ಚಿದ್ದರೆ ಎಂದು ಯೋಚಿಸಿ ನೋಡಿ.

ಮೋಟಾರು ಈ ಕಷ್ಟವನ್ನು ಪರಿಹರಿಸುವುದಿಲ್ಲ. ಸಣ್ಣ ಬ್ಯಾಟರಿ ಮೋಟಾರಿಗೆ ಬಿರುಗಾಳಿಗೆ ಎದುರಾಗಿ ಭಾರದ ದೋಣಿಯನ್ನು ತಳ್ಳುವ ಶಕ್ತಿಯಿಲ್ಲ, ಅದರ ರೆಕ್ಕೆಗೆ ಬಲೆ ಸುತ್ತಿಕೊಳ್ಳುವುದು ಮಾತ್ರ ಬೇಗ. ಕಾನೂನಿನ ದೃಷ್ಟಿಯಿಂದಲೂ, ಮೋಟಾರು ಜೋಡಿಸಿದ ಕೂಡಲೇ ನಿಮ್ಮ ಆಟದ ದೋಣಿ ಯಂತ್ರಚಾಲಿತ ನೌಕೆಯಾಗಿ 2021ರ ಒಳನಾಡು ನೌಕೆಗಳ ಕಾಯ್ದೆಯ ನೋಂದಣಿ, ತಪಾಸಣೆಗಳ ಪ್ರಶ್ನೆ ಬರುತ್ತದೆ. ಖಡಕವಾಸ್ಲಾ, ಪಾನಶೇತ್, ವರಸಗಾಂವ್, ಟೇಮಘರ್ ಈ ನಾಲ್ಕು ಅಣೆಕಟ್ಟುಗಳ ನೀರೇ ಪುಣೆಯ ಹೆಚ್ಚಿನವರು ಕುಡಿಯುವ ನೀರು ಎಂಬುದನ್ನೂ ನೆನಪಿಡಿ.

“ಡ್ಯಾಮು ಸರಕಾರದ್ದು, ಯಾರೂ ಕೇಳುವುದಿಲ್ಲ” ಎಂಬುದು ಅರ್ಧ ಸತ್ಯ. ನೀರು ಮತ್ತು ಮುಳುಗಡೆಯ ನೆಲ ಜಲಸಂಪನ್ಮೂಲ ಇಲಾಖೆಯ ವಶದಲ್ಲಿರುತ್ತದೆ, ಅದರ ಮೇಲೆ ರಾತ್ರಿ ಉಳಿಯುವುದು ಯಾರ ಹಕ್ಕೂ ಅಲ್ಲ. ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ. ಹೆಚ್ಚಿನ ಜಲಾಶಯಗಳಲ್ಲಿ ಆ ಗುತ್ತಿಗೆ ಹಿಡಿದಿರುವುದು ಸ್ಥಳೀಯ ಮೀನುಗಾರರ ಸಹಕಾರ ಸಂಘಗಳು. ಅವರು ಪ್ರತಿವರ್ಷ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಹಣ ಕೊಟ್ಟು ತಂದು ಬಿಡುತ್ತಾರೆ. ಕೇಳದೆ ಗಾಳ ಹಾಕುವುದು ಬೇರೆಯವರ ಹೊಲದ ಬೆಳೆ ಕಿತ್ತುಕೊಂಡಂತೆ, ಜಗಳಕ್ಕೂ ಕಾರಣವಾಗುತ್ತದೆ. ಕೇಳಿದರೆ ಸಣ್ಣ ಮೊತ್ತಕ್ಕೆ ಒಪ್ಪುವವರೇ ಹೆಚ್ಚು. ಅದಕ್ಕಿಂತ ದೊಡ್ಡ ಲಾಭವೆಂದರೆ, ನೀವು ಎಲ್ಲಿದ್ದೀರಿ ಎಂಬುದು ಆ ನೀರಿನ ಜನಕ್ಕೆ ಗೊತ್ತಾಗುತ್ತದೆ. ಅಗ್ನಿಶಾಮಕ ದಳ ಪುಣೆಯಿಂದ ಆ ಘಾಟಿ ರಸ್ತೆಯಲ್ಲಿ ಬರುವ ಮೊದಲೇ ನಿಮ್ಮನ್ನು ತಲುಪಬಲ್ಲವರು ಅವರೊಬ್ಬರೇ. ಮಾತಾಡುವಾಗ ನಿಮ್ಮ ಮರಾಠಿ ಹೇಗಿದ್ದರೂ ಚಿಂತೆಯಿಲ್ಲ, ವಯಸ್ಸಾದವರನ್ನು “ಮಾಮಾ” ಎಂದು ಕರೆದು ಕುಳಿತು ಚಹಾ ಕುಡಿದರೆ ಆಯಿತು.

ಹಾಗಾದರೆ ಏನು ಮಾಡಬಹುದು? ನಡುಗಡ್ಡೆ, ಮೇ ತಿಂಗಳು, ಗಾಳಿದೋಣಿ, ಮಕ್ಕಳು: ಈ ನಾಲ್ಕನ್ನು ಒಟ್ಟಿಗೆ ಇಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇವುಗಳಲ್ಲಿ ಯಾವುದನ್ನು ಬದಲಿಸುತ್ತೀರಿ ಎಂಬುದರ ಮೇಲೆ ದಾರಿಗಳು ತೆರೆಯುತ್ತವೆ.

ತಿಂಗಳನ್ನು ಬದಲಿಸಲು ಸಾಧ್ಯವಾದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ದೀಪಾವಳಿ ರಜೆಯ ಹೊತ್ತಿಗೆ ಜಲಾಶಯಗಳು ತುಂಬಿರುತ್ತವೆ, ಬಂಡೆ-ಬೊಡ್ಡೆಗಳು ಆಳಕ್ಕೆ ಹೋಗಿರುತ್ತವೆ, ದಡದಲ್ಲಿ ಕೆಸರಿನ ಬದಲು ಹುಲ್ಲಿರುತ್ತದೆ, ಮಧ್ಯಾಹ್ನದ ಗಾಳಿಯೂ ಮೃದುವಾಗಿರುತ್ತದೆ. ಹಿಂಗಾರಿನ ಗುಡುಗು ಮಳೆ ಅಕ್ಟೋಬರ್‌ನಲ್ಲಿ ಒಂದೊಂದು ಸಲ ಬರುವುದುಂಟು, ನವೆಂಬರ್ ನಡುವಿಗೆ ಅದೂ ನಿಲ್ಲುತ್ತದೆ. ಆಗ ನೀವು ನಿಮ್ಮ ದೋಣಿಯಲ್ಲಿಯೇ, ದಡದಿಂದ ಐವತ್ತು ಮೀಟರ್ ದೂರ ಬಿಡದಂತೆ ಅಂಚು ಹಿಡಿದು ಸಾಗಿ, ರಸ್ತೆಯಿಲ್ಲದಿದ್ದರೂ ಕಾಲುದಾರಿಯಿರುವ ಒಂದು ಮೂಲೆಯಲ್ಲಿ ತಂಗಬಹುದು. ದೋಣಿಯಲ್ಲಿ ಹೋದ ಸಂತೋಷ ಪೂರ್ತಿ ಸಿಗುತ್ತದೆ, ದೋಣಿ ಕೈಕೊಟ್ಟರೆ ನಡೆದು ಹಳ್ಳಿ ಸೇರಬಹುದು. ತೊಂದರೆಯೆಂದರೆ ಚಳಿ: ಡಿಸೆಂಬರ್, ಜನವರಿಯಲ್ಲಿ ಪುಣೆಯಲ್ಲೇ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ, ನೀರಿನ ಪಕ್ಕದ ಕಣಿವೆಯಲ್ಲಿ ಮುಂಜಾನೆ ಮಂಜು ಕವಿದು ಎದುರಿನ ದಡ ಕಾಣುವುದಿಲ್ಲ. ಮಂಜು ಕರಗುವವರೆಗೆ ದೋಣಿ ಇಳಿಸಬಾರದು. ಚಳಿಗೆಂದು ಇದ್ದಿಲಿನ ಶೇಗಡಿಯನ್ನು ಟೆಂಟಿನೊಳಗೆ ಒಯ್ಯುವವರನ್ನು ನೋಡಿದ್ದೇನೆ. ದಯವಿಟ್ಟು ಅದನ್ನು ಎಂದೂ ಮಾಡಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಮೇ ರಜೆಯೇ ಆಗಬೇಕು ಎಂದಾದರೆ ಜಾಗ ಬದಲಿಸಿ. ಪಾನಶೇತ್ ಅಥವಾ ವರಸಗಾಂವ್ ದಡದಲ್ಲಿ ಸ್ವಂತ ಹೊಲದಲ್ಲಿ ಟೆಂಟ್ ಹಾಕಲು ಕೊಡುವ ರೈತರಿದ್ದಾರೆ. ಅಲ್ಲಿ ಬಿಡಾರ ಹೂಡಿ, ಬೆಳಕು ಹರಿದಾಗಿನಿಂದ ಹತ್ತು ಗಂಟೆಯೊಳಗೆ ಮಾತ್ರ ನೀರಿಗಿಳಿಯಿರಿ. ಮೀನಿನ ಲೆಕ್ಕದಲ್ಲೂ ನಿಮಗೆ ನಷ್ಟವಿಲ್ಲ. ಬೇಸಿಗೆಯ ನಡುಹಗಲಲ್ಲಿ ಮೇಲಿನ ನೀರು ಕಾದು ಮೀನು ಆಳಕ್ಕೆ ಹೋಗುತ್ತದೆ, ಅದು ಅಂಚಿಗೆ ಮೇಯಲು ಬರುವುದು ಮುಂಜಾನೆ ಮತ್ತು ಮುಸ್ಸಂಜೆ. ಮುಂಜಾನೆ ದೋಣಿಯಿಂದ, ಸಂಜೆ ದಡದಿಂದ ಗಾಳ ಹಾಕಿದರೆ ಎರಡು ಹೊತ್ತೂ ಸಿಕ್ಕಂತಾಗುತ್ತದೆ. ಮಕ್ಕಳನ್ನು ದಡದಲ್ಲಿ ಬಿಡುವಾಗ ಮಾತ್ರ ಎಚ್ಚರ ಬೇಕು: ನೀರಿಳಿದ ಕಣಿವೆಯ ಅಂಚು ಮೆಟ್ಟಿಲಿನಂತಿರುತ್ತದೆ, ಮೊಣಕಾಲುದ್ದ ನೀರಿನ ಮುಂದಿನ ಹೆಜ್ಜೆಯಲ್ಲೇ ಆಳವಿರಬಹುದು, ಮೇಲೆ ಬಿರಿದು ಒಣಗಿದಂತೆ ಕಾಣುವ ಹೂಳು ಕಾಲಿಟ್ಟರೆ ಮಂಡಿಯವರೆಗೆ ಹೂತುಹೋಗಬಹುದು. ದಡದಲ್ಲಿ ಆಡುವಾಗಲೂ ಮಕ್ಕಳ ಮೈಮೇಲೆ ಲೈಫ್ ಜಾಕೆಟ್ ಇರಲಿ.

ದೋಣಿಯನ್ನೇ ಬದಲಿಸುವುದು ಮೂರನೆಯ ದಾರಿ. ನಿಜವಾಗಿಯೂ ದೋಣಿಯಲ್ಲೇ ತಲುಪಬೇಕಾದ ತಂಗುದಾಣ ಬೇಕೆಂದರೆ, ಮಹಾಬಳೇಶ್ವರದಿಂದ ಸುಮಾರು 25-30 ಕಿ.ಮೀ. ಕೆಳಗಿರುವ ತಾಪೋಳಾ, ಅಥವಾ ಸಾತಾರಾ ಕಡೆಯ ಬಾಮಣೋಲಿಗೆ ಹೋಗಿ. ಕೊಯ್ನಾ ಅಣೆಕಟ್ಟಿನ ಶಿವಸಾಗರದ ಹಿನ್ನೀರು ಅದು. ಅಲ್ಲಿ ಬೋಟ್ ಕ್ಲಬ್ಬಿನವರ ಗಟ್ಟಿ ದೋಣಿಗಳಿವೆ, ದಡದ ಹಳ್ಳಿಗಳಲ್ಲಿ ಕೃಷಿ ಪ್ರವಾಸದ ಮನೆಗಳೂ ಟೆಂಟುಗಳೂ ಇವೆ, ಕರೆದೊಯ್ದವರೇ ಗೊತ್ತುಮಾಡಿದ ಹೊತ್ತಿಗೆ ಮರಳಿ ಕರೆತರುತ್ತಾರೆ. ಒಂದು ಎಚ್ಚರಿಕೆ: ಆಚೆ ದಡದ ವಾಸೋಟಾ ಕೋಟೆಯ ಕಾಡು ಕೊಯ್ನಾ ಅಭಯಾರಣ್ಯಕ್ಕೆ ಸೇರಿದ್ದು, 2010ರಿಂದ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಅಲ್ಲಿ ಅನುಮತಿ ಪಡೆದು ಹಗಲು ಚಾರಣ ಮಾಡಬಹುದೇ ಹೊರತು ತಂಗುವುದೂ ಮೀನು ಹಿಡಿಯುವುದೂ ಅಪರಾಧ. ದೋಣಿಯವರು ನಗುತ್ತ “ಚಲತಾ ಹೈ” ಎಂದರೂ ಒಪ್ಪಬೇಡಿ.

ಯಾವ ದಾರಿ ಹಿಡಿದರೂ ಬದಲಾಗದ ಕೆಲವು ವಿಷಯಗಳಿವೆ. ಲೈಫ್ ಜಾಕೆಟ್ ದೋಣಿಯಲ್ಲಿ ಇರಬೇಕಾದದ್ದಲ್ಲ, ಮೈಮೇಲೆ ಇರಬೇಕಾದದ್ದು. ಮಗುಚಿದ ಮೇಲೆ ಅದನ್ನು ತೊಡಲು ಆಗುವುದಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದರ ಮೇಲೆ ತೇಲಿಸುವ ಬಲ 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವರಿಗೆ ಆಸರೆ ಮಾತ್ರ. ಮಕ್ಕಳಿಗೆ ಕುತ್ತಿಗೆಯ ಹಿಂದೆ ದಿಂಬಿರುವ, ಮುಖವನ್ನು ಮೇಲಕ್ಕೆ ಹಿಡಿಯುವ, ಅವರ ತೂಕಕ್ಕೆ ತಕ್ಕ 100 ನ್ಯೂಟನ್ನಿನದು, ತೊಡೆಯ ನಡುವಿನ ಪಟ್ಟಿಯ ಸಮೇತ ತನ್ನಿ. ತೊಡಿಸಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ, ಅದು ಕಿವಿಯವರೆಗೆ ಜಾರಿ ಬಂದರೆ ಅಳತೆ ಸರಿಯಿಲ್ಲ. ಪ್ರತಿಯೊಂದಕ್ಕೂ ಒಂದು ಸೀಟಿ ಕಟ್ಟಿರಿ. ದೋಣಿ ಮಗುಚಿದರೆ ದಡ ಹತ್ತಿರ ಕಂಡರೂ ಈಜಿ ಹೊರಡಬಾರದು, ದೋಣಿಯನ್ನೇ ಹಿಡಿದುಕೊಂಡಿರಬೇಕು. ಹುಡುಕುವವರಿಗೆ ತಲೆಗಿಂತ ದೋಣಿ ಬೇಗ ಕಾಣುತ್ತದೆ. ಮನೆಯಿಂದ ಹೊರಡುವ ಮೊದಲು ನಾಲ್ವರೂ ಇದನ್ನು ಒಂದು ಈಜುಕೊಳದಲ್ಲಿ ಬಟ್ಟೆ ತೊಟ್ಟೇ ಅಭ್ಯಾಸ ಮಾಡಿ, ಮಕ್ಕಳಿಗೆ ಅದು ಆಟವೂ ಆಗುತ್ತದೆ. ಅಕಸ್ಮಾತ್ ಯಾರಾದರೂ ನೀರು ಕುಡಿದು ಉಸಿರು ನಿಂತಿದ್ದರೆ, ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಎಂಬ ಹಳೆಯ ಪದ್ಧತಿಗಳಲ್ಲಿ ಹೊತ್ತು ಕಳೆಯಬಾರದು. ಅಂಗಾತ ಮಲಗಿಸಿ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ನಂತರ 30 ಸಲ ಎದೆ ಒತ್ತಿ 2 ಸಲ ಉಸಿರು ಕೊಡುವ ಕ್ರಮವನ್ನು ಸಹಾಯ ಬರುವವರೆಗೆ ಮುಂದುವರಿಸಬೇಕು. ಇದನ್ನು ಓದಿ ಕಲಿಯಲಾಗದು, ಅರ್ಧ ದಿನದ ತರಬೇತಿ ಪಡೆಯಿರಿ.

ಹವಾಮಾನಕ್ಕೆ ನಾವು ಪುಣೆಯವರು ಅದೃಷ್ಟವಂತರು. ಶಿವಾಜಿನಗರದ ಸಿಮ್ಲಾ ಆಫೀಸಿನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹೊರಡುವ ಹಿಂದಿನ ಸಂಜೆ ನೋಡಿ, ಗುಡುಗು ಮಳೆಯ ಸೂಚನೆಯಿದ್ದರೆ ಪ್ರವಾಸ ಮುಂದೂಡಿ. ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ನೀವಿರುವ ಜಾಗದ ಸುತ್ತ 20 ಮತ್ತು 40 ಕಿ.ಮೀ. ಒಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಆದರೆ ಕಣಿವೆಯಲ್ಲಿ ನೆಟ್‌ವರ್ಕ್ ಹೋದರೆ ಅದೂ ಇಲ್ಲ. ಆಗ ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ನೀರಿನಿಂದಲೂ ಒಂಟಿ ಮರದಿಂದಲೂ ದೂರ ಹೋಗಿ, ಕಾರಿನಲ್ಲಿ ಅಥವಾ ಗಟ್ಟಿ ಮನೆಯಲ್ಲಿ ಕುಳಿತು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಹಾವಿನ ವಿಷಯದಲ್ಲಿ ಮನೆಯವರ ಕಾಳಜಿ ಸರಿಯಾಗಿದೆ. ನಾಗರ, ಕೊಳಕುಮಂಡಲ, ಕಟ್ಟುಹಾವು ಮೂರೂ ಈ ಭಾಗದಲ್ಲಿವೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚಾಗಿ ಕಟ್ಟುಹಾವು, ಅದರ ಕಡಿತ ನೋವೂ ಆಗದಷ್ಟು ಸಣ್ಣದಿರುತ್ತದೆ. ಆದ್ದರಿಂದ ತಳ ಹೊಲಿದ, ಜಿಪ್ ಪೂರ್ತಿ ಮುಚ್ಚುವ ಟೆಂಟ್ ಬೇಕು, ಹೊರಗೆ ನಕ್ಷತ್ರ ನೋಡುತ್ತ ಮಲಗುವ ಆಸೆ ಬಿಡಬೇಕು, ಅಡುಗೆ ಮತ್ತು ಮೀನಿನ ತ್ಯಾಜ್ಯವನ್ನು ಟೆಂಟಿನಿಂದ ದೂರವಿಡಬೇಕು. ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಹೀರುವುದು ಬೇಡ. ಕಚ್ಚಿದ ಭಾಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ ಪ್ರತಿವಿಷವಿರುವ ಆಸ್ಪತ್ರೆಗೆ ಹೋಗಬೇಕು. ನಡುಗಡ್ಡೆ ಬೇಡವೆನ್ನಲು ನನಗಿರುವ ಇನ್ನೊಂದು ಕಾರಣ ಇದೇ: ರಾತ್ರಿ ಎರಡು ಗಂಟೆಗೆ, ಗಾಳಿಯಲ್ಲಿ, ಹಾವು ಕಚ್ಚಿದವರನ್ನು ರಬ್ಬರ್ ದೋಣಿಯಲ್ಲಿ ದಾಟಿಸಲಾಗದು.

ಕೊನೆಗೆ ಮೀನು. ಪಾನಶೇತ್, ವರಸಗಾಂವ್‌ಗಳದು ಊರುಗಳ ಕೊಳಚೆ ಸೇರುವ ಮುಂಚಿನ, ಮೇಲ್ಭಾಗದ ನೀರು, ಅಲ್ಲಿಯ ಮೀನನ್ನು ನಾನು ಸಂತೋಷದಿಂದ ತಿನ್ನುತ್ತೇನೆ. ಉಜನಿಗೆ ಪುಣೆಯ ಮುಳಾ-ಮುಠಾ ನದಿಗಳ ಹೊಲಸೆಲ್ಲ ಹೋಗಿ ಸೇರುತ್ತದೆ, ಅಲ್ಲಿಯದನ್ನು ಮಕ್ಕಳಿಗೆ ಕೊಡುವುದಿಲ್ಲ. ರೋಹುವಿಗೆ ಕಣಕದ ಉಂಡೆ ಸಾಕು, ಎರೆಹುಳುವಿಗೆ ಜಿಲೇಬಿ ಮೀನು ತಪ್ಪದೆ ಬರುತ್ತದೆ, ಮಕ್ಕಳಿಗೆ ಮೊದಲ ಮೀನಾಗಿ ಅದೇ ಒಳ್ಳೆಯದು. ಹೊರಗಿನಿಂದ ಬಂದ ಜಾತಿಯಾದ್ದರಿಂದ ಎಷ್ಟು ಹಿಡಿದರೂ ಬೇಸರವಿಲ್ಲ. ಆಫ್ರಿಕದ ಮಾಗುರ್ ಸಿಕ್ಕರೆ ಮತ್ತೆ ನೀರಿಗೆ ಬಿಡಬೇಡಿ, ಅದು ಉಳಿದ ಮೀನುಗಳನ್ನು ತಿಂದು ಮುಗಿಸುತ್ತದೆ. ಆದರೆ ದೊಡ್ಡ ಹುರುಪೆಯ, ತುಟಿಯ ಬಳಿ ಮೀಸೆಯಿರುವ ಮಹಶೀರ್ ಬಂದರೆ, ಕೈ ಒದ್ದೆ ಮಾಡಿಕೊಂಡು ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಿ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ನಾವು ದೇವರ ಮೀನೆಂದು ಮಂಡಕ್ಕಿ ಹಾಕುವುದು ಈ ಕುಲಕ್ಕೇ. ದಖ್ಖನ್ನಿನ ಮಹಶೀರನ್ನು 1839ರಲ್ಲಿ ಕರ್ನಲ್ ಸೈಕ್ಸ್ ಮೊದಲು ವರ್ಣಿಸಿದ್ದು ಇದೇ ಪುಣೆಯ ಮುಳಾ-ಮುಠೆಯ ಮೀನು ನೋಡಿ. ಈಗ ನಗರದೊಳಗಿನ ಆ ಹೊಳೆಯಲ್ಲಿ ಅದು ಬದುಕುವಂತಿಲ್ಲ. ನಿಮ್ಮ ಮಗಳಿಗೆ ಅದನ್ನು ಒಂದು ಕ್ಷಣ ತೋರಿಸಲು ಸಿಕ್ಕರೆ, ಆ ಮುಂಜಾನೆ ಬೇರೆ ಮೀನು ಸಿಗದಿದ್ದರೂ ನಡೆದೀತು.

ಜೂನ್‌ನಿಂದ ಆಗಸ್ಟ್‌ವರೆಗೆ ಮೀನು ಮೊಟ್ಟೆಯಿಡುವ ಕಾಲ, ಹೊಳೆಗಳೂ ತುಂಬಿ ಹರಿಯುತ್ತವೆ, ಆಗ ಯಾವ ಯೋಜನೆಯೂ ಬೇಡ. ದೀಪಾವಳಿಯ ದಾರಿಯನ್ನು ಆರಿಸಿಕೊಂಡರೆ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಭಾನುವಾರ, ಸಾಮಾನಿಲ್ಲದೆ, ನೀವೂ ಭಾವಮೈದುನರೂ ಇಬ್ಬರೇ ಪಾನಶೇತ್‌ಗೆ ಹೋಗಿ ಬನ್ನಿ. ಮೀನುಗಾರರ ಸಂಘದವರನ್ನು ಕಂಡು ಮಾತಾಡಿ, ತಂಗುವ ಜಾಗದಿಂದ ಹಳ್ಳಿಯವರೆಗೆ ಕಾಲುದಾರಿಯನ್ನು ಒಮ್ಮೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ನಡೆದು ನೋಡಿ, ಎಷ್ಟು ನಿಮಿಷವಾಯಿತೆಂದು ಬರೆದಿಟ್ಟುಕೊಳ್ಳಿ, ಫೋನಿನ ಸಿಗ್ನಲ್ ಎಲ್ಲಿಂದ ಸಿಗುತ್ತದೆಂದು ಗುರುತು ಮಾಡಿಕೊಳ್ಳಿ. ಆ ಚೀಟಿಯ ಒಂದು ಪ್ರತಿಯನ್ನು, ಮರಳುವ ದಿನ ಮತ್ತು ಹೊತ್ತನ್ನು ಬರೆದು, ಮನೆಯವರ ಕೈಗೆ ಕೊಡಿ. ಹೇಳಿದ ಹೊತ್ತಿಗಿಂತ ಮೂರು ಗಂಟೆ ತಡವಾದರೆ ಅವರು ಮೊದಲು ಸಂಘದವರಿಗೆ, ನಂತರ 112ಕ್ಕೆ ಕರೆ ಮಾಡಲಿ.